ಗಟಾರ ನೋಡಲು ಹಾಲೆಂಡಿಗೆ

ಹೊರಡುವ ಮುಂಚೆ, ಹುಮನಾಬಾದ

ಪರದೇಶಕ್ಕೆ ಹೋಗಿ ಬಂದವರು ಅರಮನೆ, ಹೂದೋಟ, ಗಾಳಿಗಿರಣಿ ನೋಡಿ ಬಂದ ಕಥೆ ಹೇಳುತ್ತಾರೆ. ನಾನು ನೋಡಿ ಬಂದದ್ದು ಗಟಾರ. ಗಾಳಿಗಿರಣಿಯನ್ನೂ ನೋಡಿದೆ, ಸುಳ್ಳೇಕೆ ಹೇಳಲಿ. ಆದರೆ ಅದರ ಮುಂದೆ ನಿಂತಾಗಲೂ ಪಕ್ಕದ ಕಾಲುವೆಯ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದೇ ಕೇಳುತ್ತಿದ್ದೆ. ಹೂವಿನ ಆಸೆಯಿಂದ ಇದನ್ನು ಓದಲು ಕುಳಿತವರು ಈಗಲೇ ಎದ್ದು ಹೋದರೆ ನನಗೇನೂ ಬೇಸರವಿಲ್ಲ.

ಎಪ್ಪತ್ತರ ದಶಕದ ಮಾತು. ಹುಮನಾಬಾದದ ಕೆಳಬದಿಗೆ, ಊರಿನ ಗಟಾರಗಳೆಲ್ಲ ಕೂಡಿ ಹಳ್ಳಕ್ಕೆ ಬೀಳುವ ಕಡೆ, ನಮ್ಮ ಇಲಾಖೆ ಕಟ್ಟಿಸಿದ ಒಂದು ಘಟಕವಿತ್ತು. ಹೊಲಸು ನೀರನ್ನು ತೊಟ್ಟಿಯಲ್ಲಿ ನಿಲ್ಲಿಸಿ, ಯಂತ್ರದಿಂದ ಗಾಳಿ ಬೆರೆಸಿ, ತಿಳಿಯಾದದ್ದನ್ನು ಹೊಲಗಳಿಗೆ ಬಿಡುವ ಏರ್ಪಾಡು. ಜನ ಅದಕ್ಕೆ ಗಟಾರ ಕಾರ್ಖಾನೆ ಎಂದು ಹೆಸರಿಟ್ಟಿದ್ದರು. ನಾನು ಎಂಜಿನಿಯರಾಗಿ ಅಲ್ಲಿಗೆ ವರ್ಗವಾಗಿ ಬರುವ ಹೊತ್ತಿಗೆ ಅದು ನಿಂತು ವರ್ಷಗಳಾಗಿದ್ದವು. ತೊಟ್ಟಿಯಲ್ಲಿ ಆಪು ಹುಲ್ಲು ಬೆಳೆದಿತ್ತು, ಮೋಟಾರಿನ ಮೇಲೆ ಗುಬ್ಬಿ ಗೂಡು ಕಟ್ಟಿತ್ತು. ಹೊಲಸು ನೀರು ತೊಟ್ಟಿಯ ಪಕ್ಕದಿಂದಲೇ ಹಾದು ನೇರ ಹಳ್ಳಕ್ಕೆ ಇಳಿಯುತ್ತಿತ್ತು, ಹಳ್ಳದಿಂದ ದಂಡೆಯ ಬಾವಿಗೆ ಸೋರುತ್ತಿತ್ತು. ಆ ಬಾವಿಯ ನೀರು ಕುಡಿಯುವವರು ಕೆಳಗಿನ ಹಳ್ಳಿಯ ಕೂಲಿಕಾರರು.

ಅದು ಯಾಕೆ ನಿಂತಿತೆಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಅಲ್ಲಿ ಯಂತ್ರ ನಡೆಸುತ್ತಿದ್ದ ವೈಜಿನಾಥನನ್ನೇ ಕೇಳಿದೆ. ಆತ ಎದೆಯ ಮೇಲೆ ಕೈಯಿಟ್ಟುಕೊಂಡ.

"ನಂಗೂ ತಿಳೀಲಿಲ್ರಿ ಸರ. ನಾ ಅಂತೂ ಬರೊಬ್ಬರಿ ನೋಡಕೊಂಡೀನಿ. ಟೈಮಿಗಿ ಎಣ್ಣಿ ಬಿಟ್ಟೀನಿ, ಒರಸೀನಿ. ಸೋಮವಾರ ಬಿಡವು ಕೊಟ್ಟು, ತೊಳದು, ವಿಭೂತಿ ಹಚ್ಚೀನಿ. ಎತ್ತಿಗಿಂತ ಛಲೋ ಜೋಪಾನ ಮಾಡೀನ್ರಿ. ಆದರ ನೀರು ನಾರಾಕ ಹತ್ತಿತು. ಜನ ಬಂದು ಬೈದು ಬಂದ್ ಮಾಡಿಸಿದ್ರು."

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ. ಎಂಥ ಬಿತ್ತನೆಯ ಹದವಿದ್ದರೂ ಅಂದು ಎತ್ತಿಗೆ ಬಿಡುವು. ವೈಜಿನಾಥ ಒಕ್ಕಲುತನದ ಮನೆಯಲ್ಲಿ ಹುಟ್ಟಿದವನು. ದಿನವಿಡೀ ತಿರುಗುವ ಮೋಟಾರಿಗೆ ವಾರದಲ್ಲಿ ಒಂದು ದಿನವಾದರೂ ನೊಗ ಇಳಿಸದಿದ್ದರೆ ಪಾಪ ಎನ್ನಿಸಿತ್ತು ಆತನಿಗೆ. ಕೇಳಿ ನಾನು ನಕ್ಕೆ. ಆತನ ಮೇಲೆ ಪ್ರೀತಿಯೂ ಬಂತು. ಹಳೆಯ ಯಂತ್ರ, ಕೆಟ್ಟಿತು ಎಂದು ಅಲ್ಲಿಗೇ ಬಿಟ್ಟೆ.

ಘಟಕವನ್ನು ಮತ್ತೆ ನಡೆಸಬೇಕೆಂದು ಮೇಲಿನವರು ಮನಸ್ಸು ಮಾಡಿದಾಗ ಎರಡು ದಾರಿಗಳಿದ್ದವು. ಒಂದು, ಹಾಲೆಂಡಿನವರು ಕಂಡುಹಿಡಿದ ಬಗೆ. ಉದ್ದುರುಟಾದ, ಉಂಗುರದಂತೆ ಕೂಡಿಕೊಂಡ ಒಂದು ಕಾಲುವೆಯಲ್ಲಿ ಹೊಲಸು ನೀರು ಸುತ್ತುತ್ತಿರುತ್ತದೆ; ಯಂತ್ರವೊಂದು ಅದನ್ನು ಬಡಿದು ಬಡಿದು ಗಾಳಿ ಸೇರಿಸುತ್ತದೆ. ಇದಕ್ಕೆ ಇದ್ದ ಜಾಗವೇ ಸಾಕು. ಇನ್ನೊಂದು, ಯಂತ್ರವೇ ಇಲ್ಲದ ಹೊಂಡಗಳು. ಅಗಲವಾದ, ಆಳವಿಲ್ಲದ ಹೊಂಡಗಳಲ್ಲಿ ನೀರು ವಾರಗಟ್ಟಲೆ ಬಿಸಿಲಿಗೆ ನಿಲ್ಲುತ್ತದೆ. ಪಾಚಿ ಬೆಳೆದು ನೀರಿಗೆ ಉಸಿರು ಕೊಡುತ್ತದೆ, ಒಂದು ಹೊಂಡದಿಂದ ಇನ್ನೊಂದಕ್ಕೆ ಇಳಿಯುತ್ತ ನೀರು ತಾನೇ ತಿಳಿಯಾಗುತ್ತದೆ. ಇದಕ್ಕೆ ಜಾಗ ಬೇಕು, ಅದೂ ಗಟಾರಕ್ಕಿಂತ ತಗ್ಗಿನಲ್ಲಿ ಬೇಕು. ಆ ತಗ್ಗಿನಲ್ಲಿದ್ದದ್ದು ನನ್ನ ಅಕ್ಕನ ಹೊಲ.

ಶಾಂತಕ್ಕ ನನಗಿಂತ ಬಹಳ ದೊಡ್ಡವಳು. ಅವ್ವ ಬೇಗ ತೀರಿಕೊಂಡದ್ದರಿಂದ ನನಗೆ ಉಣಿಸಿ ತಿನ್ನಿಸಿ ಬೆಳೆಸಿದವಳು ಅವಳೇ. ಅವಳನ್ನು ಕೊಟ್ಟದ್ದು ಹುಮನಾಬಾದಕ್ಕೇ. ಭಾವ ತೀರಿಕೊಂಡ ಮೇಲೆ ಹೊಲವನ್ನು ಒಬ್ಬಳೇ ಮಾಡಿಸುತ್ತಿದ್ದಳು. ಗುಡ್ಡದ ಕಡೆ ಕೆಂಪು ಮಣ್ಣಿನ ಒಂದು ತುಂಡು ಇತ್ತಾದರೂ ಅದರಲ್ಲಿ ಹುಲ್ಲು ಬಂದರೆ ಹೆಚ್ಚು. ಮನೆ ನಡೆಯುತ್ತಿದ್ದದ್ದು ಈ ತಗ್ಗಿನ ಕಪ್ಪು ನೆಲದ ಮೇಲೆ. ಹೊಲ ನನ್ನ ಅಕ್ಕನದೆಂದು ನಮ್ಮ ಸಾಹೇಬರಿಗೆ ಮೊದಲೇ ಹೇಳಿದೆ. "ಹಂಗಾದ್ರ ಛಲೋನೇ ಆಯ್ತಲ್ರಿ, ಭೂಮಿ ಬಿಡಿಸೋದು ಸಲೀಸ್ ಆಗ್ತದ," ಎಂದರು. ನೀವು ಹಾಲೆಂಡಿಗೆ ಹೋಗಿ ಆ ಯಂತ್ರ ನೋಡಿ ಬನ್ನಿ, ಯಾವುದು ಎನ್ನುತ್ತೀರೋ ಅದನ್ನೇ ಮಾಡೋಣ ಎಂದೂ ಸೇರಿಸಿದರು.

ಹೊರಡುವ ಮುನ್ನ ಅಕ್ಕನಿಗೆ ಹೇಳಿ ಬರಲು ಹೋದೆ. ಅವಳು ಹೊಲದಲ್ಲಿದ್ದಳು, ಜೊತೆಗೆ ಕೆಳಗಿನ ಹಳ್ಳಿಯಿಂದ ಅವಳ ಹೊಲಕ್ಕೆ ಕೂಲಿಗೆ ಬರುವ ತುಳಜಮ್ಮ. ಹೊಂಡದ ಸುದ್ದಿ ಅಕ್ಕನ ಕಿವಿಗೆ ಆಗಲೇ ಬಿದ್ದಿತ್ತು.

"ತಮ್ಮಾ, ಯಂತ್ರನೇ ತಗೊಂಡ್ ಬಾ. ಹೊಂಡ ಪಂಡ ಅಂತ ನನ್ನ ಮುಂದ ಹೇಳಬ್ಯಾಡ," ಎಂದಳು ಅಕ್ಕ.

"ಯಂತ್ರನೇ ತರ್ತೀನಿ ಅಕ್ಕ," ಎಂದೆ. ಮನಸ್ಸಿನಿಂದಲೇ ಎಂದೆ.

ತುಳಜಮ್ಮ ಸೊಂಟ ನೆಟ್ಟಗೆ ಮಾಡಿಕೊಂಡು ಹೇಳಿದಳು: "ಏನರ ತರ್ರಿ ಸಾಹೇಬ್ರ, ಜಲ್ದಿ ತರ್ರಿ. ಬಾವಿ ನೀರು ನಾರಾಕತ್ತಾವ್ರಿ. ನನ್ನ ಮೊಮ್ಮಗಳು ಕುಡದು ಕುಡದು ಹಾಸಗಿ ಹಿಡದಾಳ್ರಿ."

ತೆರೆಯದ ಬಾಗಿಲು

ವಿಮಾನದ ಬಗ್ಗೆ ಹೇಳುವುದು ಬೇಡ. ಅದರಲ್ಲಿ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಇಳಿದ ಮೇಲೆ ರೈಲಿನಲ್ಲಿ ಒಂದು ಸಣ್ಣ ಊರಿಗೆ ಹೋಗಬೇಕಿತ್ತು. ಆ ಊರಿನ ಹೆಸರು ನನ್ನ ಬಾಯಿಗೆ ಕೊನೆಯವರೆಗೂ ಕೂರಲಿಲ್ಲ. ಅದರಲ್ಲಿ ಒಂದು ಅಕ್ಷರವನ್ನು ಗಂಟಲು ಕೆರೆದು ಹೊರಡಿಸಬೇಕು. ನಾನು ಹೇಳಿದಾಗಲೆಲ್ಲ ಎದುರಿಗಿದ್ದವರು ನೀರು ತಂದುಕೊಡುತ್ತಿದ್ದರು.

ನಿಲ್ದಾಣ ಬಂತು. ಪೆಟ್ಟಿಗೆ ಹಿಡಿದು ಬಾಗಿಲ ಬಳಿ ನಿಂತೆ. ಬಾಗಿಲು ತೆರೆಯಲಿಲ್ಲ. ನಮ್ಮ ಕಡೆ ರೈಲಿನ ಬಾಗಿಲು ಮುಚ್ಚಿದ್ದನ್ನೇ ನಾನು ನೋಡಿರಲಿಲ್ಲ, ತೆರೆಯುವುದನ್ನು ಎಲ್ಲಿ ಕಲಿಯಲಿ? ಯಾರೋ ಬಂದು ತೆರೆಯುತ್ತಾರೆಂದು ಮರ್ಯಾದೆಯಿಂದ ಕಾದೆ. ಹೊರಗೆ ಒಬ್ಬ ಮುದುಕಿ ನನ್ನ ಹೆಸರು ಬರೆದ ರಟ್ಟು ಹಿಡಿದು ನಿಂತದ್ದು ಗಾಜಿನಿಂದ ಕಾಣುತ್ತಿತ್ತು. ನಾನು ಅವಳಿಗೆ ಕೈ ಮುಗಿದೆ. ಅವಳು ಹಿಡಿಕೆ ತಿರುಗಿಸುವಂತೆ ಕೈಸನ್ನೆ ಮಾಡಿದಳು. ಅದನ್ನು ಅವರ ನಮಸ್ಕಾರವೆಂದು ತಿಳಿದು ನಾನೂ ಹಾಗೆಯೇ ಕೈ ತಿರುಗಿಸಿದೆ. ರೈಲು ಹೊರಟೇ ಹೋಯಿತು. ಮುಂದಿನ ಊರಿನಲ್ಲಿ ಒಬ್ಬ ಪುಣ್ಯಾತ್ಮ ಬಾಗಿಲು ತೆಗೆದು ಇಳಿಸಿದ.

ತಿರುಗಿ ಬರುವವರೆಗೂ ಆ ಮುದುಕಿ ಅಲ್ಲೇ ಕಾದಿದ್ದಳು. ನಾನು ಉಳಿಯಬೇಕಿದ್ದದ್ದು ಅವಳ ಮನೆಯಲ್ಲೇ. ಅವಳನ್ನು ಎಲ್ಲರೂ ಮೆವ್ರೌ ಎನ್ನುತ್ತಿದ್ದರು, ನಮ್ಮಲ್ಲಿ ಅಮ್ಮಾವರೇ ಎಂದಂತೆ. ಬೈಯಲಿಲ್ಲ. ಕಾಫಿ ಕೊಟ್ಟು ಬಿಸ್ಕತ್ತಿನ ಡಬ್ಬಿ ಮುಂದಿಟ್ಟಳು. ಒಂದು ತೆಗೆದುಕೊಂಡೆ. ಡಬ್ಬಿಯ ಮುಚ್ಚಳ ಟಪ್ಪೆಂದು ಬಿತ್ತು, ಡಬ್ಬಿ ಕಪಾಟಿಗೆ ಹೋಯಿತು. ಬೇಡಬೇಡವೆಂದರೂ ಇನ್ನೊಂದು ಹೋಳಿಗೆ ತಾಟಿಗೆ ಒಗೆಯುವ ನಾಡಿನಿಂದ ಹೋದವನು ನಾನು. ಮೊದಲ ಸಲ ಬೇಡ ಎನ್ನುವುದು, ಎರಡನೆಯ ಸಲ ಒಪ್ಪುವುದು ರೂಢಿ. ಅಲ್ಲಿ ಎರಡನೆಯ ಸಲ ಎಂಬುದೇ ಇಲ್ಲ. ಇವರು ಜಿಪುಣರು ಎಂದು ಅಂದು ತೀರ್ಮಾನಿಸಿಬಿಟ್ಟೆ. ಆಮೇಲೆ ತಿಳಿಯಿತು, ಆ ಊರಿನಲ್ಲಿ ಯಾವುದನ್ನೂ ಬೇಕಾದ್ದಕ್ಕಿಂತ ಹೆಚ್ಚು ಬಳಸುವುದಿಲ್ಲ. ನೀರಿಗೂ ಅದೇ ಲೆಕ್ಕ, ನೆಲಕ್ಕೂ ಅದೇ ಲೆಕ್ಕ.

ಸಂಜೆ ಬೀದಿಯಲ್ಲಿ ನಡೆದರೆ ಮನೆಮನೆಯ ದೊಡ್ಡ ಕಿಟಕಿಗೆ ಪರದೆಯೇ ಇಲ್ಲ. ಊಟದ ಮೇಜು, ಓದುವ ಗಂಡ, ಹೆಣೆಯುವ ಹೆಂಡತಿ ಎಲ್ಲ ಬೀದಿಗೆ ಕಾಣುತ್ತಾರೆ, ಆದರೆ ಹಾದುಹೋಗುವವರು ಯಾರೂ ನೋಡುವುದಿಲ್ಲ. ನಾನು ಮಾತ್ರ ನಿಂತು ನಿಂತು ನೋಡುತ್ತಿದ್ದೆ. ನನ್ನ ಹುಟ್ಟೂರು ಬಸವಕಲ್ಯಾಣದಲ್ಲಿ ಕಿಟಕಿಗಳು ಅಂಗೈ ಅಗಲ. ಆದರೂ ಯಾರ ಮನೆಯಲ್ಲಿ ಇವತ್ತು ಏನು ಪಲ್ಯ ಎಂಬುದು ಓಣಿಗೆಲ್ಲ ಗೊತ್ತಿರುತ್ತದೆ.

ಸುತ್ತುವ ನೀರು

ಘಟಕ ಊರ ಹೊರಗಿತ್ತು. ಅದರ ಎಂಜಿನಿಯರ್ ಹೆಂಡ್ರಿಕ್ ಎಂಬ ಎತ್ತರದ ಮನುಷ್ಯ. ಮೊದಲ ದಿನ ನನಗೊಂದು ಸೈಕಲ್ ಕೊಟ್ಟು ತನ್ನ ಹಿಂದೆ ಬರಲು ಹೇಳಿದ. ಆ ಸೈಕಲ್ಲಿಗೆ ಕೈಬ್ರೇಕೇ ಇರಲಿಲ್ಲ. ಪೆಡಲನ್ನು ಹಿಂದಕ್ಕೆ ತುಳಿದರೆ ನಿಲ್ಲುತ್ತದೆಂದು ಯಾರೂ ಹೇಳಿರಲಿಲ್ಲ. ಘಟಕದ ಗೇಟಿನ ಮುಂದೆ ಆತ ನಿಂತ, ನಾನು ನಿಲ್ಲಲಿಲ್ಲ, ಪಕ್ಕದ ಕಾಲುವೆಯ ಕೆಸರಿನಲ್ಲಿ ಹೋಗಿ ಕುಳಿತೆ. ಆತ ಎತ್ತಿ ನಿಲ್ಲಿಸಿ, "ಇದು ಶುದ್ಧ ಮಾಡಿದ ನೀರು, ಹೆದರಬೇಡಿ," ಎಂದ. ಗಟಾರದ ಎಂಜಿನಿಯರನಿಗೆ ಇದಕ್ಕಿಂತ ಒಳ್ಳೆಯ ಸ್ವಾಗತ ಸಿಗಲಾರದು.

ಒಳಗೆ ಹೋಗಿ ನೋಡಿದವನು ಒದ್ದೆ ಬಟ್ಟೆಯನ್ನು ಮರೆತೆ. ಹಸಿರು ಹುಲ್ಲಿನ ನಡುವೆ ಉದ್ದುರುಟಾದ ಕಾಲುವೆ. ಅದರ ಅಡ್ಡಲಾಗಿ ಉಕ್ಕಿನ ಹಲ್ಲುಗಳ ಒಂದು ಉರುಳೆ ತಿರುಗುತ್ತ ನೀರನ್ನು ಬಡಿಯುತ್ತಿತ್ತು. ಕಂದು ನೀರು ನೊರೆಯಾಗಿ ಮುಂದಕ್ಕೆ ಹರಿಯುತ್ತಿತ್ತು, ಸುತ್ತು ಬಂದು ಮತ್ತೆ ಹಲ್ಲಿಗೆ ಸಿಗುತ್ತಿತ್ತು. ಮೂಗು ಹಿಡಿಯಲು ಕರವಸ್ತ್ರ ತಂದಿದ್ದೆ, ಬೇಕಾಗಲಿಲ್ಲ. ಹದವಾದ ಮಳೆ ಬಿದ್ದ ಮಣ್ಣಿನ ವಾಸನೆಯಷ್ಟೇ ಇತ್ತು. ಕೊನೆಯ ತೊಟ್ಟಿಯಿಂದ ಹೊರಬರುವ ನೀರಿನ ತಳದಲ್ಲಿ ಕಲ್ಲು ಕಾಣುತ್ತಿತ್ತು. ಅದರಲ್ಲಿ ಒಂದು ಕೊಕ್ಕರೆ ನಿಂತು ಮೀನು ಹುಡುಕುತ್ತಿತ್ತು.

ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ? ಒಂದು ಎಕರೆಯೂ ಇಲ್ಲದ ಜಾಗದಲ್ಲಿ ಒಂದು ಊರಿನ ಹೊಲಸೆಲ್ಲ ಹೀಗೆ ನೀರಾಗಿ ಹೋಗುತ್ತಿತ್ತು. ಅಕ್ಕನ ಹೊಲ ಉಳಿಯಿತು, ತುಳಜಮ್ಮನ ಬಾವಿಯೂ ಉಳಿಯಿತು ಎಂದುಕೊಂಡೆ. ಆ ಉರುಳೆಯ ಅಳತೆ, ಹಲ್ಲಿನ ಸಾಲು, ಮೋಟಾರಿನ ಬಲ ಎಲ್ಲ ಬರೆದುಕೊಂಡೆ. ಮನಸ್ಸಿನಲ್ಲಿ ಅದನ್ನು ಆಗಲೇ ಲಾರಿಗೆ ಹಾಕಿ ಹುಮನಾಬಾದಕ್ಕೆ ತಂದಾಗಿತ್ತು. ಹೆಂಡ್ರಿಕ್ ಕೇಳಿದ, ನಿಮ್ಮ ಹಳೆಯ ಘಟಕ ಏಕೆ ನಿಂತಿತು? ಯಂತ್ರ ಹಳೆಯ ಬಗೆಯದು ಎಂದೆ. ಆತ ತಲೆಯಾಡಿಸಿದ, ಆದರೆ ಒಪ್ಪಿದಂತೆ ಕಾಣಲಿಲ್ಲ.

ರವಿವಾರ

ಆ ಊರು ದೈವಭಕ್ತರ ಊರು. ಎಷ್ಟರಮಟ್ಟಿಗೆ ಎಂಬುದು ಮೊದಲ ರವಿವಾರ ತಿಳಿಯಿತು. ಬಹಳ ದಿನಗಳ ಮೇಲೆ ಬಿಸಿಲು ಬಿದ್ದಿತ್ತು. ನಾನು ಅಂಗಿ ಪಂಚೆ ಒಗೆದು ಹಿತ್ತಲ ಹಗ್ಗದ ಮೇಲೆ ಹರವಿದೆ. ಮೆವ್ರೌ ಕಪ್ಪು ಬಟ್ಟೆಯಲ್ಲಿ ಚರ್ಚಿಗೆ ಹೊರಟವಳು ಅದನ್ನು ಕಂಡು ಓಡಿ ಬಂದಳು. ಮಾತಾಡದೆ ಅಂಗಿ ಕಿತ್ತಳು, ಪಂಚೆ ಕಿತ್ತಳು, ತೊಟ್ಟಿಕ್ಕುವುದನ್ನೇ ನನ್ನ ಕೈಗೆ ತುರುಕಿದಳು.

"ರವಿವಾರ," ಎಂದಳು. "ಬಟ್ಟೆ ಒಣಗಿಸುವುದಿಲ್ಲ."

"ಒಣಗಿಸುವುದು ಬಿಸಿಲು, ನಾನಲ್ಲವಲ್ಲ," ಎಂದೆ ನನ್ನ ಹರಕು ಇಂಗ್ಲಿಷಿನಲ್ಲಿ.

ಅವಳು ನಗಲಿಲ್ಲ. ಆ ಊರಿನಲ್ಲಿ ರವಿವಾರ ಅಂಗಡಿ ತೆರೆಯುವುದಿಲ್ಲ, ಹುಲ್ಲು ಕತ್ತರಿಸುವುದಿಲ್ಲ, ಕೆಲವರು ಸೈಕಲನ್ನೂ ಹತ್ತುವುದಿಲ್ಲ. ಆಟಕ್ಕೆ ಕೂಡ ಬೀದಿಯಲ್ಲಿ ಚೆಂಡು ಉರುಳುವುದಿಲ್ಲ. ನನಗೆ ಬೇಸರವಾಗಲಿಲ್ಲ, ನಮ್ಮದೇ ರೂಢಿ ಎಂಬಂತೆ ಅನ್ನಿಸಿತು. ಬಿಡುವು ಎಂದರೆ ಬಿಡುವು ಎಂದು ಹಟ ಹಿಡಿಯುವ ಜನ ನಮ್ಮ ಕಡೆಯೂ ಇದ್ದಾರೆ.

ನಡೆದೇ ಘಟಕದ ಕಡೆ ಹೋದೆ. ಊರು ಅಷ್ಟು ಮೌನವಾಗಿದ್ದುದರಿಂದ ಬಹಳ ದೂರಕ್ಕೇ ಒಂದು ಸದ್ದು ಕೇಳಿಸಿತು. ನೀರನ್ನು ಬಡಿಯುವ ಸದ್ದು. ಉರುಳೆ ತಿರುಗುತ್ತಿತ್ತು! ಹೆಂಡ್ರಿಕ್ ಚರ್ಚಿನಿಂದ ನೇರ ಬಂದಿರಬೇಕು, ಕಪ್ಪು ಸೂಟು, ಟೈ, ಕಾಲಿಗೆ ಮಾತ್ರ ರಬ್ಬರ್ ಬೂಟು. ಬಗ್ಗಿ ಬೇರಿಂಗಿನ ಮೇಲೆ ಕೈಯಿಟ್ಟು ಬಿಸಿ ನೋಡುತ್ತಿದ್ದ.

"ಇವತ್ತು ಇದಕ್ಕೆ ಬಿಡುವಿಲ್ಲವೇ?" ಎಂದೆ.

"ನಮಗೆ ಬಿಡುವು. ಒಳಗಿರುವವಕ್ಕೆ ಎಲ್ಲಿಯ ಬಿಡುವು?" ಎಂದ. "ಅವು ಉಸಿರಾಡಬೇಕಲ್ಲ."

ಒಳಗಿರುವವು ಎಂದರೆ ಹೊಲಸನ್ನು ತಿಂದು ನೀರು ತಿಳಿ ಮಾಡುವ ಕಣ್ಣಿಗೆ ಕಾಣದ ಜೀವಗಳು. ಯಂತ್ರ ನೀರನ್ನು ಶುದ್ಧ ಮಾಡುವುದಿಲ್ಲ, ಆ ಜೀವಗಳಿಗೆ ಗಾಳಿ ಕೊಡುತ್ತದೆ ಅಷ್ಟೇ. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕಾಲೇಜಿನಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದಿದ್ದೆ. ಆದರೆ ಅಂದು, ಆ ನಿಶ್ಶಬ್ದ ಊರಿನ ನಡುವೆ ಅದೊಂದೇ ತಿರುಗುವುದನ್ನು ನೋಡುತ್ತ ನಿಂತಾಗ ವೈಜಿನಾಥ ನೆನಪಾದ. ವಿಭೂತಿ ಹಚ್ಚಿದ ಮೋಟಾರು ಸೋಮವಾರ ಹಾಯಾಗಿ ನಿಂತಿರುತ್ತಿತ್ತು. ಅದರ ಪಕ್ಕದ ತೊಟ್ಟಿಯಲ್ಲಿ, ನಮ್ಮ ಬಿಸಿಲಿಗೆ, ಕೋಟಿಗಟ್ಟಲೆ ಜೀವಗಳು ಉಸಿರು ಕಟ್ಟಿ ಸಾಯುತ್ತಿದ್ದವು. ವಾರವಿಡೀ ಚೇತರಿಸಿಕೊಂಡದ್ದು ಮತ್ತೆ ಸೋಮವಾರ ಸಾಯುತ್ತಿತ್ತು. ನಾರದೆ ಏನು ಮಾಡೀತು? ಯಾರಿಗೂ ನೋವಾಗಬಾರದೆಂದು ಆತ ಕೊಟ್ಟ ಬಿಡುವೇ ಘಟಕವನ್ನು ಕೊಂದಿತ್ತು. ನನಗೆ ಕಣ್ಣು ತುಂಬಿ ಬಂತು.

ಹೆಂಡ್ರಿಕ್‌ಗೆ ಹೇಳಿದೆ. ಆತ ಮೊದಲು ಕಣ್ಣರಳಿಸಿದ, ಆಮೇಲೆ ಹೊಟ್ಟೆ ಹಿಡಿದು ನಕ್ಕ.

"ಮೋಟಾರಿಗೆ ವಾರದ ರಜೆಯೇ? ಅದೂ ದೇವರ ಹೆಸರಲ್ಲಿ?"

ನನಗೆ ಸಿಟ್ಟು ಬಂತು. "ಒಂದು ಒದ್ದೆ ಅಂಗಿಗಾಗಿ ನಿಮ್ಮೂರಿನಲ್ಲಿ ಈಗ ತಾನೇ ಬೈಸಿಕೊಂಡು ಬಂದೆ," ಎಂದೆ. "ನೀವು ನಿಮಗೆ ಬಿಡುವು ಕೊಟ್ಟುಕೊಳ್ಳುತ್ತೀರಿ. ನಮ್ಮವರು ತಾವು ದುಡಿದು ಎತ್ತಿಗೆ ಬಿಡುವು ಕೊಡುತ್ತಾರೆ. ನಗುವಂಥದ್ದು ಅದರಲ್ಲೇನಿದೆ?"

ಆತ ನಗು ನಿಲ್ಲಿಸಿದ. "ಸರಿ," ಎಂದ. "ಹಾಗಾದರೆ ನಿಮ್ಮೂರಿಗೆ ಈ ಯಂತ್ರ ಹೊಂದುವುದೋ ಎಂದು ಯೋಚಿಸಿ. ಇದು ಒಳ್ಳೆಯದಾಗಿರುವುದು ಇದರ ಗುಣದಿಂದ ಮಾತ್ರವಲ್ಲ. ಇದರ ಬೇರಿಂಗ್ ಹೋದರೆ ಊಟದ ಹೊತ್ತಿಗೆ ಹೊಸದು ಬರುತ್ತದೆ. ಕರೆಂಟು ಹೋದದ್ದು ನನಗೆ ನೆನಪಿಲ್ಲ."

ಬಂದ ದಿನದಿಂದ ಒಂದು ಸಲವೂ ದೀಪ ಆರಿದ್ದನ್ನು ನಾನೂ ನೋಡಿರಲಿಲ್ಲ. ವೈಜಿನಾಥನನ್ನು ತಿದ್ದುವುದು ಸುಲಭ, ಒಂದು ಮಾತು ಹೇಳಿದರೆ ಸಾಕು, ಆತ ಕೇಳುತ್ತಾನೆ. ಆದರೆ ಹುಮನಾಬಾದದ ಕರೆಂಟು ಯಾರ ಮಾತು ಕೇಳೀತು? ಅದು ಸೋಮವಾರ, ಮಂಗಳವಾರ ಎಂದು ನೋಡುವುದಿಲ್ಲ. ಹಾಲೆಂಡಿನ ಬೇರಿಂಗು ಮುಂಬಯಿಯ ಹಡಗುಕಟ್ಟೆಯಲ್ಲಿ ಕೂತರೆ ಒಳಗಿರುವವು ಎಷ್ಟು ದಿನ ಉಸಿರು ಬಿಗಿಹಿಡಿದಾವು? ನಮ್ಮಲ್ಲಿ ಎಂದೂ ಕೈಕೊಡದೆ ಬರುವುದು ಒಂದೇ, ಬಿಸಿಲು. ಹೆಂಡ್ರಿಕ್ ತಲೆಯೆತ್ತಿ ಮತ್ತೆ ಮೋಡ ಕವಿಯುತ್ತಿದ್ದ ಆಕಾಶ ನೋಡಿ, "ನಿಮ್ಮ ಬಿಸಿಲು ನನಗಿದ್ದಿದ್ದರೆ ನಾನು ಹೊಂಡವನ್ನೇ ತೋಡುತ್ತಿದ್ದೆ," ಎಂದ. ಹೊಂಡಕ್ಕೆ ಬೇಕಾದ ಹೊಲ ಯಾರದೆಂದು ನಾನು ಆತನಿಗೆ ಹೇಳಿರಲಿಲ್ಲ. ಅಂದಿನಿಂದ ಆ ಕೊಕ್ಕರೆಯನ್ನು ಸಂತೋಷದಿಂದ ನೋಡಲಾಗಲಿಲ್ಲ.

ಸಮುದ್ರದ ತಳದ ಹೊಲ

ಹೊರಡುವ ಮುಂಚೆ ಹೆಂಡ್ರಿಕ್ ತನ್ನ ಮಾವನ ಹೊಲಕ್ಕೆ ಕರೆದೊಯ್ದ. ಅದು ಸಮುದ್ರದಿಂದ ಬಿಡಿಸಿಕೊಂಡ ನೆಲ. ಒಡ್ಡು ಕಟ್ಟಿ, ನೀರು ಹೊರಗೆ ಚೆಲ್ಲಿ, ಉಪ್ಪು ತೊಳೆದು, ಬಿತ್ತಿದ್ದಾರೆ. ಒಡ್ಡಿನ ಮೇಲೆ ನಿಂತರೆ ಒಂದು ಕಡೆ ಸಮುದ್ರ ಮೇಲಕ್ಕೆ, ಇನ್ನೊಂದು ಕಡೆ ಆಲೂಗಡ್ಡೆಯ ಹೊಲ ಕೆಳಕ್ಕೆ. ನನಗೆ ತಲೆ ತಿರುಗಿತು. ನಮ್ಮೂರ ತ್ರಿಪುರಾಂತ ಕೆರೆಯಲ್ಲಿ ಈಜು ಕಲಿತವನಿಗೆ ನೀರು ಯಾವಾಗಲೂ ನೆಲಕ್ಕಿಂತ ಕೆಳಗೇ ಇರಬೇಕು.

ಮುದುಕ ಹೊಲದಲ್ಲಿ ಕಾಯುತ್ತಿದ್ದ. ಮರದ ಚಪ್ಪಲಿ, ಕೆಂಪು ಮುಖ. ನಾನೂ ಒಕ್ಕಲು ಮನೆಯವನೆಂದು ತಿಳಿದು ಮೊದಲು ಮಾಡಿದ ಕೆಲಸ ಒಂದು ಮಣ್ಣಿನ ಹೆಂಟೆ ಮುರಿದು ನನ್ನ ಕೈಗೆ ಕೊಟ್ಟದ್ದು. ನಾನು ಅದನ್ನು ಹಿಚುಕಿ ಮೂಸಿದೆ. ಮುದುಕನಿಗೆ ಖುಷಿಯಾಯಿತು. ನಿಮ್ಮ ಮಣ್ಣು ಹೇಗಿದೆ ಎಂದು ಕೇಳಿದ. ಅಳಿಯ ಇಬ್ಬರ ಮಾತನ್ನೂ ಅನುವಾದಿಸಿ ಹೇಳುತ್ತಿದ್ದ. ಕಪ್ಪು ಎಂದೆ. ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರಿಯುತ್ತದೆ, ಮಳೆಗೆ ಕೂಡಿಕೊಳ್ಳುತ್ತದೆ, ಒಮ್ಮೆ ಹಸಿ ಹಿಡಿದರೆ ಹಿಂಗಾರಿ ಜೋಳಕ್ಕೆ ಮತ್ತೆ ಮಳೆಯೇ ಬೇಡ ಎಂದೆ. ಹೇಳುತ್ತ ಹೇಳುತ್ತ ನಾನು ಅಕ್ಕನ ಹೊಲವನ್ನೇ ಬಣ್ಣಿಸುತ್ತಿದ್ದೆ. ಕೊನೆಗೆ ಎಲ್ಲವನ್ನೂ ಹೇಳಿಬಿಟ್ಟೆ, ಯಂತ್ರ, ಹೊಂಡ, ಬಾವಿ, ಅಕ್ಕ, ನಾನು ಕೊಟ್ಟು ಬಂದ ಮಾತು.

ಹೆಂಡ್ರಿಕ್ ಅನುವಾದಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದ. ಆಮೇಲೆ ಮೆಲ್ಲಗೆ ಮಾವನಿಗೆ ಹೇಳಿದ. ಮುದುಕ ತನ್ನ ಹೊಲದ ಕಡೆ ನೋಡಿ, ಒಡ್ಡಿನ ಕಡೆ ನೋಡಿ, ಗಂಟಲಿನಿಂದ ನಾಲ್ಕು ಮಾತು ಆಡಿದ.

"ಏನಂದರು?"

"ತಾನಾಗಿದ್ದರೆ ಕೊಡುತ್ತಿರಲಿಲ್ಲ ಅನ್ನುತ್ತಾರೆ."

ಇವರು ನೀರನ್ನು ನೆಲ ಮಾಡಿದ ಜನ. ನಾನು ಅಕ್ಕನ ನೆಲವನ್ನು ನೀರು ಮಾಡಲು ಹೊರಟಿದ್ದೆ, ಅದೂ ಊರ ಗಟಾರದ ನೀರು. ಹೋಗುವಾಗ ಮುದುಕ ನನ್ನ ಎರಡೂ ಕೈ ಹಿಡಿದುಕೊಂಡ. ಬೈದಿದ್ದರೆ ಹಗುರವಾಗುತ್ತಿತ್ತು. ವಾಪಸು ಬರುವ ದಾರಿಯುದ್ದಕ್ಕೂ ಎದುರುಗಾಳಿ. ಸೈಕಲ್ ತುಳಿಯುವುದರಲ್ಲೇ ಸಂಜೆಯಾಯಿತು.

ತಗ್ಗಿನ ಹೊಲ

ಊರು ಮುಟ್ಟಿದವನು ಕಚೇರಿಗೆ ಹೋಗಲಿಲ್ಲ. ಮೊದಲು ಅಕ್ಕನ ಹೊಲಕ್ಕೆ ಹೋದೆ. ಜೋಳ ಎದೆಮಟ್ಟ ಬಂದಿತ್ತು. ನನ್ನನ್ನು ಕಂಡವಳೇ ಸೆರಗಿನಿಂದ ಮುಖ ಒರೆಸಿಕೊಂಡು ಬಂದಳು.

"ಎಷ್ಟ ಸೊರಗೀದಿ ತಮ್ಮಾ! ಅಲ್ಲಿ ಉಣ್ಣಾಕ ಹಾಕಲಿಲ್ಲೇನು?"

ಬದುವಿನ ಮೇಲೆ ಕುಳಿತು ಎಲ್ಲ ಹೇಳಿದೆ. ಬಾಗಿಲಿನ ಕಥೆಗೆ ನಕ್ಕಳು, ಅಂಗಿಯ ಕಥೆಗೂ ನಕ್ಕಳು. ಆಮೇಲೆ ಮಾತು ಎತ್ತ ಹೋಗುತ್ತಿದೆ ಎಂದು ಅವಳಿಗೆ ತಿಳಿಯಿತು.

"ಯಂತ್ರ ಛಲೋ ಇಲ್ಲೇನು?"

"ಭಾಳ ಛಲೋ ಅದ ಅಕ್ಕ."

"ಮತ್ತ್ಯಾಕ ಮಾರಿ ಸಣ್ಣದ ಮಾಡಾಕತ್ತೀದಿ? ವೈಜಿನಾಥಗ ನಾ ಹೇಳ್ತೀನಿ, ಸೋಮವಾರ ಬಿಡಬ್ಯಾಡ ಅಂತ. ನನ್ನ ಮಾತ ಮೀರಂಗಿಲ್ಲ ಅವ."

"ಅವ ಕೇಳ್ತಾನ. ಕರೆಂಟ್ ಕೇಳಂಗಿಲ್ಲ. ಒಂದ ಸಾಮಾನ ಮುರದರ ಸಮುದ್ರದ ಆಚಿಂದ ಬರಬೇಕು."

ಅಕ್ಕ ಒಂದು ಜೋಳದ ಎಲೆಯನ್ನು ಉದ್ದಕ್ಕೆ ಸೀಳುತ್ತ ಕೇಳಿದಳು: "ಯಂತ್ರ ಹಾಕಿದ್ರ ಎಷ್ಟ ದಿನ ನಡೀತದ?"

"ಒಂದ್ ವರ್ಷ. ಭಾಳಂದ್ರ ಎರಡು."

"ಆಮ್ಯಾಲ?"

"ನಿಂದರತದ. ನಿಂತರ ಇನ್ನ ಯಾರೂ ಅದರ ಹೆಸರ ತಗೊಳಂಗಿಲ್ಲ."

"ಹಂಗಾದ್ರ ಯಂತ್ರನೇ ಬರಿ. ನನ್ನ ಹೊಲ ಉಳೀತದ."

"ತುಳಜಮ್ಮನ ಬಾವಿ, ಅಕ್ಕ?"

ಅವಳು ಎದ್ದು ನಿಂತಳು. ಅಷ್ಟು ಸಿಟ್ಟಿನಲ್ಲಿ ಅವಳನ್ನು ನಾನು ಎಂದೂ ನೋಡಿರಲಿಲ್ಲ. "ಆಕಿ ಬಾವಿಗಿ ಗಟಾರ ಬಿಟ್ಟವಳು ನಾ ಏನು? ಊರೆಲ್ಲಾ ಬಿಡಾಕತ್ತದ. ಊರ ಹೊಲಸಿಗಿ ನನ್ನ ಹೊಲನೇ ಯಾಕ ಬೇಕು? ಹೇಳು, ನೀ ಕಲಿತವ ಇದ್ದಿ, ನನ್ನದೇ ಯಾಕ?"

ಅದು ತಗ್ಗಿನಲ್ಲಿದೆ, ನೀರು ತಗ್ಗಿಗೆ ಹರಿಯುತ್ತದೆ. ಎಂಜಿನಿಯರನಿಗೆ ಇಷ್ಟು ಉತ್ತರ ಸಾಕು. ತಮ್ಮನಿಗೆ ಸಾಲಲಿಲ್ಲ. ಅವಳ ಪ್ರಶ್ನೆ ನ್ಯಾಯದ್ದಾಗಿತ್ತು. "ಅಷ್ಟ ದೂರ ಹೋಗಿದ್ದು ನನ್ನ ಹೊಲ ತಗೊಳಾಕ ಏನು?" ಎಂದು ಕೇಳಿ ಅವಳು ಜೋಳದ ಸಾಲಿನೊಳಗೆ ಹೋದಳು. ತುಳಜಮ್ಮ ದೂರದಲ್ಲಿ ಕಳೆ ತೆಗೆಯುತ್ತಿದ್ದಳು, ಎಲ್ಲವೂ ಕೇಳಿಸಿತ್ತು. ಹೊಲ ಹೋದರೆ ಅವಳ ಕೂಲಿಯೂ ಹೋಗುತ್ತದೆ ಎಂಬುದು ಅವಳಿಗೂ ಗೊತ್ತಿತ್ತು. ಅವಳು ಕಳೆ ತೆಗೆಯುತ್ತಲೇ ಮುಂದಿನ ಸಾಲಿಗೆ ಸರಿದಳು.

ನಾನು ವರದಿಯಲ್ಲಿ ಹೊಂಡ ಎಂದು ಬರೆದೆ. ಆ ಜೋಳವನ್ನು ಅಕ್ಕ ಕೊಯ್ದುಕೊಂಡ ಮೇಲೆ ನೆಲ ಅಗೆದರು. ವೈಜಿನಾಥನಿಗೆ ನಾನೇ ಎಲ್ಲವನ್ನೂ ತಿಳಿಸಿ ಹೇಳಿದೆ. ಆತ ಹಳೆಯ ತೊಟ್ಟಿಯ ಅಂಚಿನಲ್ಲಿ ಕುಳಿತು, "ಜೀವ ಇದ್ವು ಅಂತ ಯಾರೂ ಹೇಳಲೇ ಇಲ್ಲ ನೋಡ್ರಿ," ಎಂದ. ಆಮೇಲೆ ಆತನಿಗೆ ತಿರುಗಿಸಲು ಯಂತ್ರವಿರಲಿಲ್ಲ. ಒಡ್ಡಿನ ಹುಲ್ಲು ಕೀಳುತ್ತಿದ್ದ, ಕಸ ತೆಗೆಯುತ್ತಿದ್ದ, ಸೋಮವಾರ ಮನೆಯಲ್ಲಿರುತ್ತಿದ್ದ. ಬಿಸಿಲು ತನ್ನ ಕೆಲಸ ತಾನು ಮಾಡುತ್ತಿತ್ತು. ಮೊದಲ ಹೊಂಡ ಹೊಲಸು, ನಡುವಿನದು ಹಸಿರು, ಕೊನೆಯದು ತಿಳಿ. ಆ ನೀರು ಕೆಳಗಿನ ಹೊಲಗಳಿಗೆ ಹೋಗುತ್ತಿತ್ತು. ಎರಡು ಮಳೆಗಾಲ ಕಳೆದ ಮೇಲೆ ಬಾವಿಯ ನೀರು ನಾರುವುದು ನಿಂತಿತು. ತುಳಜಮ್ಮ ಬೇರೆಯವರ ಹೊಲಕ್ಕೆ ಹೋಗುತ್ತಿದ್ದಳು, ಮೊಮ್ಮಗಳು ಜೊತೆಗೆ ಓಡುತ್ತಿದ್ದಳು.

ನಮ್ಮ ಕಡೆ ನಾಗರ ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆತರುತ್ತಾರೆ. ಅಕ್ಕನ ತವರು ಎಂದರೆ ಬಸವಕಲ್ಯಾಣದ ನಮ್ಮ ಮನೆ, ಕರೆಯಲು ಹೋಗಬೇಕಾದವನು ನಾನೊಬ್ಬನೇ. ಹೊಂಡ ತೋಡಿದ ವರ್ಷ ಹೋದೆ, ಮೈಗೆ ಆರಾಮಿಲ್ಲ ಎಂದಳು. ಮರುವರ್ಷ ಹೋದೆ, ಮನೆ ಬಿಟ್ಟು ಬರಲಾಗದು ಎಂದಳು. ಎರಡು ವರ್ಷವೂ ಅವಳಿಗೆಂದು ಕಟ್ಟಿದ ಉಂಡೆಗಳನ್ನು ನಮ್ಮ ಮನೆಯಲ್ಲಿ ಯಾರೂ ಮುಟ್ಟಲಿಲ್ಲ. ಆಮೇಲೊಮ್ಮೆ ಹಾಲೆಂಡಿನಿಂದ ಬಂದ ಜನ ಹೊಂಡ ನೋಡಿ ನನ್ನ ಬೆನ್ನು ತಟ್ಟಿದಾಗ ನನಗೆ ಸಂತೋಷವಾಗದೆ ಹೋದದ್ದಕ್ಕೆ ಕಾರಣ ಇದು.

ಮೂರನೆಯ ಪಂಚಮಿಗೆ ಆಸೆಯಿಲ್ಲದೆ ಹೋದೆ. ಅಕ್ಕ ಇಳಕಲ್ ಸೀರೆಯುಟ್ಟು, ಗಂಟು ಕಟ್ಟಿಕೊಂಡು, ಕಟ್ಟೆಯ ಮೇಲೆ ಕುಳಿತಿದ್ದಳು. ನಾನು ಗಂಟು ಎತ್ತಿಕೊಂಡೆ. ಇಬ್ಬರೂ ಬಸ್ಸಿನ ರಸ್ತೆಯ ಕಡೆ ನಡೆದೆವು. ದಾರಿ ಹೊಂಡಗಳ ಒಡ್ಡಿನ ಮೇಲೆಯೇ ಹಾಯುತ್ತದೆ. ಹೊಲ ಹೋದ ದಿನದಿಂದ ಅವಳು ಆ ಕಡೆ ಕಾಲಿಟ್ಟಿರಲಿಲ್ಲವೆಂದು ವೈಜಿನಾಥ ಹೇಳಿದ್ದ. ಕೊನೆಯ ಹೊಂಡದ ಬಳಿ ಅಕ್ಕ ನಿಂತಳು. ನೀರು ತಿಳಿಯಾಗಿತ್ತು, ಅದರಲ್ಲಿ ಮೋಡ ಕಾಣುತ್ತಿತ್ತು. ನೋಡಲು ಬಂದವರಿಗೆಲ್ಲ ಈ ನೀರು ಹೇಗೆ ತಿಳಿಯಾಯಿತೆಂದು ನಾನು ಬಾಯಿಪಾಠದಂತೆ ಹೇಳುತ್ತಿದ್ದೆ. ಅವಳ ಪಕ್ಕ ಗಂಟು ಕೆಳಗಿಟ್ಟು ನಿಂತೆ.

"ಇಲ್ಲಿ ಜೋಳ ಭಾಳ ಛಲೋ ಬರತಿತ್ತು," ಎಂದಳು ಅಕ್ಕ.

"ಹೌದಕ್ಕ," ಎಂದೆ. "ಭಾಳ ಛಲೋ ಬರತಿತ್ತು."